ಕಂಡಕ್ಟರ್ ಮಾವನ ಸೀಟಿ

ನಮ್ಮ ಮಾವ ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಕೂತಿದ್ದರೆ ನನಗೆ ಎಷ್ಟೋ ಆರಾಮವಿತ್ತು, ಆ ಮಾತು ಬೇರೆ. ಜೀವಮಾನವೆಲ್ಲ ಟೌನ್ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಕಳೆದವರು. ಅವರ ಪಾಲಿಗೆ ಕುರ್ಚಿಯೆಂದರೆ ಬೇರೆಯವರು ಕೂರುವುದಕ್ಕೆ ಇರುವ ವಸ್ತು. ಊಟವನ್ನೂ ತಟ್ಟೆ ಕೈಯಲ್ಲಿ ಹಿಡಿದು, ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿಕೊಂಡೇ ಮಾಡುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಕುರ್ಚಿ ಸಾಲದೆ ಪಾಪ ಹಿರಿಯರು ನಿಂತಿದ್ದಾರೆಂದು ಗಾಬರಿಬಿದ್ದು ಎದ್ದು ನಿಂತಿದ್ದೆ. "ಕೂತ್ಕೊಳಮ್ಮ, ಕೂತ್ಕೋ. ಮುಂದಿನ ಸೀಟು ಹೆಂಗಸರಿಗೆ" ಅಂದರು. ನನ್ನ ಗಂಡ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು. ಅವರಿಗೆ ಅದೆಲ್ಲ ಹುಟ್ಟಿದಾಗಿನಿಂದ ಅಭ್ಯಾಸ.

ಇನ್ನೊಂದು ಚಟವೂ ಕೆಲಸದ ಜೊತೆ ಹೋಗದೆ ಉಳಿದುಬಿಟ್ಟಿತ್ತು. ಯಾರಾದರೂ ಚಪ್ಪಲಿಗೆ ಕಾಲು ತೂರಿಸಿದರೆ ಸಾಕು, "ಎಲ್ಲಿಗೆ?" ಮಗ ಆಫೀಸಿಗೆ ಹೊರಟರೂ ಎಲ್ಲಿಗೆ, ನಾನು ಕಸ ಹಾಕಲು ಹೊರಟರೂ ಎಲ್ಲಿಗೆ, ಗೇಟಿನ ಮುಂದೆ ತನ್ನ ಪಾಡಿಗೆ ತಾನು ಹೋಗುವ ಬೆಕ್ಕಿಗೂ ಎಲ್ಲಿಗೆ. ಉತ್ತರ ಕೊಡದೆ ಯಾರೂ ಹೊಸ್ತಿಲು ದಾಟುವ ಹಾಗಿರಲಿಲ್ಲ. ಕೊಟ್ಟರೆ, "ಹ್ಞೂಂ, ಮುಂದೆ ನಡೀರಿ" ಎಂದು ದಾರಿ ಬಿಡುತ್ತಿದ್ದರು. ಆ ಬೆಕ್ಕು ಹೇಗೆ ದಾಟುತ್ತಿತ್ತೋ ನನಗೆ ಗೊತ್ತಿಲ್ಲ.

ನಮ್ಮ ಬೀದಿಯ ಸಂಘ ಹುಟ್ಟಿದ್ದೂ ಈ ಮನುಷ್ಯ ಸುಮ್ಮನಿರಲಾರದೆ. ನೀರಿನ ಪೈಪಿಗೆಂದು ರಸ್ತೆ ಅಗೆದವರು ಗುಂಡಿ ಹಾಗೇ ಬಿಟ್ಟು ಕಂಬಿ ಕಿತ್ತಿದ್ದರು. ಮಾವ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಗುಂಡಿಯ ಪಕ್ಕ ನಿಂತುಬಿಟ್ಟರು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೋಗಬೇಕು. ಸ್ಕೂಟರಿನವರು, ಸೈಕಲ್ಲಿನವರು, ತಳ್ಳುಗಾಡಿಯವರು ಎಲ್ಲರೂ ತುಟಿ ಪಿಟಕ್ಕೆನ್ನದೆ ಹೇಳಿದ ಹಾಗೆ ಕೇಳಿದರು. ನೋಡಲು ನಿಂತ ಜನ ಮಾತಿಗೆ ಶುರುಮಾಡಿದರು, ಮಾತು ಜಗಳಕ್ಕೆ ತಿರುಗಿತು, ಜಗಳ ನಿಲ್ಲಿಸಲು ಮಾವ ಮತ್ತೆ ಸೀಟಿ ಊದಿದರು. ಗುಂಡಿ ಮುಚ್ಚುವ ಹೊತ್ತಿಗೆ ಸಂಘವಾಗಿತ್ತು, ಮಾವ ಅದರ ಕಾರ್ಯದರ್ಶಿಯಾಗಿದ್ದರು.

ಸಭೆ ನಡೆಯುವುದು ಎದುರು ಸಾಲಿನ ಕೊನೆಯಲ್ಲಿರುವ ಮೇಷ್ಟ್ರ ಮನೆಯ ಕಾರ್ ಶೆಡ್ಡಿನಲ್ಲಿ. ಕಾರು ಎಂದೋ ಮಾರಿಹೋಗಿದೆ, ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಉಳಿದಿದೆ. ಬೇರೆ ಕಡೆ ಕಾರ್ಯದರ್ಶಿಯಾದವರು ಮುಂದೆ ಮೇಜು ಹಾಕಿಕೊಂಡು ಕೂರುತ್ತಾರೆ. ನಮ್ಮಲ್ಲಿ ಹಾಗಲ್ಲ. ಕುರ್ಚಿಗಳು ಎರಡು ಸಾಲು, ನಡುವೆ ಓಡಾಡಲು ದಾರಿ, ಮುಂದಿನ ಸೀಟು ಹೆಂಗಸರಿಗೆ. ಮಾವ ಹಿಂದೆ, ಬಾಗಿಲ ಹತ್ತಿರ. ನಾವೆಲ್ಲ ಖಾಲಿ ಗೋಡೆ ನೋಡುತ್ತ ಕೂತಿರಬೇಕು, ಕಾರ್ಯದರ್ಶಿಯ ದನಿ ಬೆನ್ನ ಹಿಂದಿನಿಂದ ಬರುತ್ತದೆ. "ಚರಂಡಿ ವಿಷಯ ಯಾರದ್ದು? ಚರಂಡಿ, ಚರಂಡಿ! ಬೀದಿದೀಪ ಇಳಿಯೋರು ಬೇಗ ಇಳೀರಿ." ಹೀಗೆ ಕೂಗುತ್ತ, ಕುರ್ಚಿಗಳ ಬೆನ್ನು ಹಿಡಿದುಕೊಂಡು ಅವರು ನಡುದಾರಿಯಲ್ಲಿ ಹಿಂದೆ ಮುಂದೆ ಓಡಾಡುತ್ತಾರೆ. ಶೆಡ್ಡು ಅಲುಗಾಡುವುದಿಲ್ಲ, ಆದರೂ ಹಿಡಿದುಕೊಳ್ಳುತ್ತಾರೆ. ಮಾತು ಉದ್ದವಾದರೆ ಒಂದು ಸೀಟಿ. ಮೇಷ್ಟ್ರು ಎಲ್ಲದಕ್ಕೂ ಆಕ್ಷೇಪಣೆ ಎತ್ತುವವರಾದ್ದರಿಂದ ಹೆಚ್ಚಿನ ಸೀಟಿಗಳು ಅವರ ಪಾಲಿಗೇ ಬೀಳುತ್ತಿದ್ದವು. "ನನ್ನ ಶೆಡ್ಡಲ್ಲೇ ನನ್ನ ಬಾಯಿ ಮುಚ್ಚಿಸ್ತೀರಲ್ರೀ" ಎಂದು ಅವರು ಮುಖ ಗಂಟಿಕ್ಕುವರು. ಮುಂದಿನ ಸಭೆಗೆ ಬೆಳಿಗ್ಗೆಯೇ ನೆಲ ಗುಡಿಸಿಟ್ಟಿರುವವರೂ ಅವರೇ.

ಒಂದು ನಿಯಮ ಮಾತ್ರ ಮಾವ ಎಂದೂ ಮುರಿಯಲಿಲ್ಲ. ಎಲ್ಲರೂ ಕೈ ಎತ್ತಿದ ಮೇಲೆ ಅವರು ಎರಡು ಸೀಟಿ ಊದಿದರೆ ನಿರ್ಣಯ ಪಾಸಾದಂತೆ. ಊದುವ ಮುಂಚೆ ತಲೆಯನ್ನು ಬಾಗಿಲಾಚೆ ಹಾಕಿ ಬೀದಿಯ ಆಕಡೆ ಈಕಡೆ ನೋಡಲೇಬೇಕು. ಯಾರಾದರೂ ಸಭೆಗೆಂದು ಬರುತ್ತಿರುವುದು ಕಂಡರೆ ಅವರು ಬಂದು ಕೂರುವ ತನಕ ಸೀಟಿ ಇಲ್ಲ. "ಓಡಿ ಬರೋರನ್ನ ಬಿಟ್ಟು ಹೋಗೋ ಕಂಡಕ್ಟರ್ ನಾನಲ್ಲ" ಎನ್ನುವರು. ಇದರಿಂದಾಗಿ ತರಕಾರಿ ತರಲು ಹೊರಟವರೆಲ್ಲ ಎಷ್ಟು ಸಲ ಸಭೆಯೊಳಗೆ ಬಂದು ಬಿದ್ದಿದ್ದಾರೋ ಲೆಕ್ಕವಿಲ್ಲ.

ಇನ್ನು ನಮ್ಮತ್ತೆ. ಮಾವ ಬಾಯಿ ಬಿಟ್ಟರೆ ಮುಚ್ಚುವವರಲ್ಲ, ಹಾಗಾಗಿ ಅತ್ತೆ ಮನೆಯೊಳಗೆ ಹ್ಞೂಂ, ಉಹ್ಞೂಂಗಳಲ್ಲಿ ಸಂಸಾರ ಮಾಡಿದವರು. ಮಾತೆಲ್ಲ ಕೂಡಿಟ್ಟುಕೊಂಡು ಅವರು ಖರ್ಚು ಮಾಡುತ್ತಿದ್ದದ್ದು ಬಾಗಿಲ ಮೆಟ್ಟಿಲ ಮೇಲೆ. ಎದುರುಮನೆಯಲ್ಲಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಇದ್ದಾರೆ. ಇಬ್ಬರದೂ ಹಳೆಯ ಗೆಳೆತನ. ಮೊದಲೆಲ್ಲ ಇವರು ಅಲ್ಲಿ, ಅವರು ಇಲ್ಲಿ. ಆಮೇಲೆ ಅತ್ತೆಯ ಮಂಡಿ ಕೈಕೊಟ್ಟಿತು, ನರ್ಸಮ್ಮ ಬಿದ್ದು ಸೊಂಟ ಮುರಿದುಕೊಂಡು ವಾಕರ್ ಹಿಡಿದರು. ಅಲ್ಲಿಂದಾಚೆಗೆ ಇವರು ಈ ಮೆಟ್ಟಿಲ ಮೇಲೆ, ಅವರು ಆ ಮೆಟ್ಟಿಲ ಮೇಲೆ, ನಡುವೆ ರಸ್ತೆ. ಬೆಳಿಗ್ಗೆ ಹುರುಳಿಕಾಯಿ ನಾರು ತೆಗೆಯುತ್ತ ಶುರುವಾದರೆ ಬಿಸಿಲು ಏರುವ ತನಕ, ಮತ್ತೆ ಸಂಜೆ ದೀಪ ಹತ್ತುವ ತನಕ.

"ನಿದ್ದೆ ಬಂತಾ?"

"ಎಲ್ಲಿ ಬಂತು! ನಿಮ್ಮ ಕಾಲು ಹೆಂಗಿದೆ?"

"ಇದೆ, ಅಷ್ಟೇ. ನಮ್ಮ ಸೊಸೆ ಇವತ್ತು ಹಾಲು ಉಕ್ಕಿಸಿದ್ಲು."

"ಇವತ್ತೂನಾ?"

ಹೀಗೆ ನನ್ನ ಅಡುಗೆಮನೆಯ ಮಾನ ದಿನಾ ಬೀದಿಯಲ್ಲಿ ಹರಾಜಾಗುತ್ತಿತ್ತು. ನಮ್ಮದು ಮುಂದೆ ದಾರಿಯಿಲ್ಲದ ಬೀದಿ. ವಾಹನ ಕಡಿಮೆ, ಸದ್ದು ಕಡಿಮೆ, ಅವರಿಬ್ಬರು ಮಾತಾಡಿದ್ದು ಕೊನೆಯ ಮನೆಗೂ ಕೇಳಿಸುತ್ತದೆ. ನಾನು ಉಪ್ಪು ಜಾಸ್ತಿ ಹಾಕಿದ್ದು ನನ್ನ ಗಂಡನಿಗೆ ಗೊತ್ತಾಗುವ ಮುಂಚೆ ಮೂಲೆ ಅಂಗಡಿಯವನಿಗೆ ಗೊತ್ತಿರುತ್ತಿತ್ತು. ನಾನು ಎಗರಾಡಿದ್ದೇನೆ, ಮುನಿಸಿಕೊಂಡಿದ್ದೇನೆ. ಅತ್ತೆ ನಕ್ಕು, "ಬೇರೆ ಏನೇ ಮಾತಾಡೋಣ ನಾವು? ನೀನೇ ನಮ್ಮ ಸಮಾಚಾರ" ಎನ್ನುತ್ತಿದ್ದರು.

ಬೀದಿಯ ಕೊನೆಗೆ ಒಂದು ಗೋಡೆ. ಅದರಾಚೆ ಖಾಲಿ ಬಿದ್ದಿದ್ದ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳತೊಡಗಿತು. ಅದರಾಚೆಯೇ ಹೆದ್ದಾರಿ. ಕಟ್ಟಡದವರು ಒಂದು ದಿನ ಮಾವನನ್ನು ಹುಡುಕಿಕೊಂಡು ಬಂದರು. ಗೋಡೆ ತೆಗೆಯಲು ಸಂಘ ಒಪ್ಪಿದರೆ ಬೀದಿಗೆಲ್ಲ ಹೊಸ ಡಾಂಬರು ಹಾಕಿ ಹೆದ್ದಾರಿಗೆ ಸೇರಿಸುತ್ತೇವೆ, ನಗರಸಭೆಯೂ ಸಂಘದ ಮಾತಿಗೇ ಬಿಟ್ಟಿದೆ ಎಂದರು. ಮಾವ ಆ ಮಧ್ಯಾಹ್ನವೇ ಬಸ್ ಡಿಪೋಗೆ ಓಡಿದರು. ಅಲ್ಲಿದ್ದ ಹಳೆಯ ಗೆಳೆಯರು, ದಾರಿ ಆದರೆ ಟೌನ್ ಬಸ್ಸನ್ನು ನಿಮ್ಮ ಬೀದಿಯೊಳಗೇ ತರುತ್ತೇವೆ ಎಂದು ಮಾತು ಕೊಟ್ಟರು. ವಾಪಸು ಬಂದಾಗ ಮಾವನ ಕಾಲು ನೆಲದ ಮೇಲಿರಲಿಲ್ಲ.

"ನಮ್ಮ ಮನೆ ಮುಂದೆ ಸ್ಟಾಪು ಕಣೇ!" ಎಂದು ಅತ್ತೆಯ ಮುಂದೆ ನಿಂತರು. "ಮೆಟ್ಟಿಲು ಇಳಿ, ಬಸ್ಸು ಹತ್ತು. ಎರಡು ಹೆಜ್ಜೆ."

ಅತ್ತೆ, "ಅಲ್ರೀ, ಆ ಬಸ್ಸು..." ಎಂದು ಬಾಯಿ ತೆರೆದರು.

"ನೀನೇನೂ ಯೋಚನೆ ಮಾಡ್ಬೇಡ. ನಾನಿದೀನಲ್ಲ."

ಆಮೇಲೆ ಹಿತ್ತಲಲ್ಲಿ ನಾನು ಬಟ್ಟೆ ಒಣಗಹಾಕುತ್ತಿದ್ದಾಗ ಬಂದು, ದನಿ ತಗ್ಗಿಸಿ ಹೇಳಿದರು. "ಊರನ್ನೆಲ್ಲ ಹತ್ತಿಸ್ಕೊಂಡು ತಿರುಗಿದೆ ಕಣಮ್ಮ. ಮನೆಯವಳನ್ನ ಮಾತ್ರ ಮೆಟ್ಟಿಲ ಮೇಲೆ ಬಿಟ್ಬಿಟ್ಟೆ. ಸ್ಟಾಪಿನ ತನಕ ನಡೆಯೋಕೆ ಆಗಲ್ಲ ಅವಳಿಗೆ, ಆಟೋ ಹತ್ತೋಕೆ ಮಂಡಿ ಮಡಚೋಕಾಗಲ್ಲ. ಬಸ್ಸು ಬರಲಿ, ನೋಡು ಹೆಂಗೆ ಓಡಾಡ್ತಾಳೆ." ಈ ಮನುಷ್ಯನಿಗೆ ಹೆಂಡತಿಯ ಮೇಲೆ ಇಷ್ಟು ಪ್ರೀತಿ ಇದೆಯೆಂದು ನನಗೆ ಗೊತ್ತಿತ್ತು, ಅದನ್ನು ಅವರ ಬಾಯಿಂದಲೇ ಕೇಳಿದ್ದು ಮಾತ್ರ ಅವತ್ತೇ ಮೊದಲು.

ಅಲ್ಲಿಂದ ಮಾವ ಈ ಗೋಡೆಯ ಬೆನ್ನು ಬಿದ್ದರು. ಮನೆಮನೆಗೆ ಹೋಗಿ, ಕೂರಿ ಎಂದರೂ ಕೂರದೆ, ನಿಂತೇ ಎಲ್ಲರ ತಲೆ ತಿಂದರು. ಮೂಲೆ ಅಂಗಡಿಯವನು ಗಿರಾಕಿ ಹೆಚ್ಚುತ್ತಾರೆಂದು ತಕ್ಷಣ ಒಪ್ಪಿದ. ಕೆಲಸಕ್ಕೆ ಹೋಗುವವರು ಹೊತ್ತು ಉಳಿಯುತ್ತದೆಂದು ಒಪ್ಪಿದರು. ಮೇಷ್ಟ್ರು ಮಾತ್ರ ಧೂಳು, ಹೊಗೆ, ಮಕ್ಕಳ ಆಟ ಎಂದು ಆಕ್ಷೇಪಣೆ ಎತ್ತಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಆದರೆ ಅವರು ಬಗ್ಗಿದ್ದು ಯಾವಾಗ ಹೇಳಿ! ಅವರ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಸಭೆ ಸೇರುವ ತನಕ ತಾತ್ಕಾಲಿಕವಾಗಿ ಅಷ್ಟೇ ಎಂದು ಹೇಳಿ ಕಟ್ಟಡದವರು ಗೋಡೆಯ ಅರ್ಧ ಕೆಡವಿ ಲಾರಿ ಬಿಡಲು ಶುರುಮಾಡಿದರು.

ಜಲ್ಲಿಯ ಲಾರಿ, ಮರಳಿನ ಲಾರಿ, ಸಿಮೆಂಟು ಕಲಸುತ್ತ ಹೊಟ್ಟೆ ತಿರುಗಿಸುತ್ತ ಬರುವ ಲಾರಿ. ಒಂದು ದಾಟಿತು ಎನ್ನುವಷ್ಟರಲ್ಲಿ ಇನ್ನೊಂದು. ಅಡುಗೆಮನೆಯ ಡಬ್ಬಗಳು ಶೆಲ್ಫಿನ ಮೇಲೆ ಗಿಲಿಗಿಲಿ ಎನ್ನುತ್ತಿದ್ದವು. ಅತ್ತೆ ಮೊದಮೊದಲು ಗಂಟಲು ಹರಿಯುವಂತೆ ಕೂಗಿದರು. ನರ್ಸಮ್ಮ ಕಿವಿಗೆ ಕೈ ಹಿಡಿದು, ಏನು, ಏನು ಎಂದರು. ಮಾತು ಪೂರ್ತಿಯಾಗುವ ಮುಂಚೆ ನಡುವೆ ಲಾರಿ ಬಂದು ನಿಲ್ಲುವುದು. ಅದು ಸರಿದ ಮೇಲೆ ಹೇಳಲು ಹೊರಟಿದ್ದು ಮರೆತುಹೋಗಿರುವುದು. ಆಮೇಲೆ ಇಬ್ಬರೂ ಕೈಸನ್ನೆಗೆ ಇಳಿದರು. ನಿದ್ದೆ ಬಂತಾ ಎನ್ನುವುದನ್ನು ಕೈಯಲ್ಲಿ ಕೇಳಬಹುದು. ನಿದ್ದೆ ಯಾಕೆ ಬರಲಿಲ್ಲ ಎನ್ನುವುದನ್ನು ಹೇಳಲು ಯಾವ ಸನ್ನೆಯಿದೆ? ಕೊನೆಗೆ ಅದನ್ನೂ ಬಿಟ್ಟರು. ಅತ್ತೆ ಧೂಳಿಗೆ ಬಾಗಿಲು ಹಾಕಿಕೊಂಡು ಒಳಗೆ ಕೂತು ಹುರುಳಿಕಾಯಿ ಬಿಡಿಸತೊಡಗಿದರು. ಒಂದು ದಿನ ನಾನು ಬೇಕೆಂದೇ ಹಾಲು ಉಕ್ಕಿಸಿದೆ. ಅತ್ತೆ ತಲೆ ಎತ್ತಿ ನೋಡಿ, ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು.

"ಮಾವ, ಅತ್ತೆ ಮಂಕಾಗಿದಾರೆ. ನರ್ಸಮ್ಮನ ಹತ್ರ ಮಾತಾಡೋಕೆ ಆಗ್ತಿಲ್ಲ ಅವರಿಗೆ" ಎಂದು ನಾನು ನೇರವಾಗಿ ಹೇಳಿದೆ.

"ಮಂಕಾಗದೆ ಇನ್ನೇನು, ನಾಲ್ಕು ಗೋಡೆ ಮಧ್ಯೆ ಕೂತ್ರೆ? ಅದಕ್ಕೇ ಅಲ್ವಾ ಬಸ್ಸು ತರ್ತಿರೋದು!"

"ಬಸ್ಸಿಗೂ ಸದ್ದಿರುತ್ತಲ್ಲ ಮಾವ. ಹಿಂದೇನೇ ಕಾರು, ಬೈಕು ಎಲ್ಲ ಬರುತ್ವೆ."

"ಲಾರಿಗೆ ಬಸ್ಸನ್ನ ಹೋಲಿಸ್ಬೇಡ ನೀನು" ಎಂದು ಅವರು ನಿಜಕ್ಕೂ ಸಿಟ್ಟಾದರು. "ಬಸ್ಸು ಮರ್ಯಾದಸ್ಥ."

ಇವರಿಗೆ ಯಾರು ಹೇಳಬೇಕು? ನಾನು ಕೈಚೆಲ್ಲಿದೆ.

ಸಭೆಯ ದಿನ ಶೆಡ್ಡು ತುಂಬಿ ತುಳುಕುತ್ತಿತ್ತು. ನಾನು ಹೆಂಗಸರ ಸೀಟಿನಲ್ಲಿ ಕೂತಿದ್ದೆ. ಮಾವ ಇಸ್ತ್ರಿಯ ಅಂಗಿ ತೊಟ್ಟು, ನಡುದಾರಿಯಲ್ಲಿ ಕುರ್ಚಿ ಹಿಡಿದು ಹಿಂದೆ ಮುಂದೆ ಓಡಾಡುತ್ತಿದ್ದರು. "ಗೋಡೆ! ಗೋಡೆ ವಿಷಯ ಮಾತಾಡೋರು ಹೇಳಿ!" ಮೇಷ್ಟ್ರು ಎದ್ದು, ರಸ್ತೆಗೆ ಡಾಂಬರು ಹಾಕುವವರು ಮಕ್ಕಳಿಗೆ ಆಡಲು ಜಾಗ ಎಲ್ಲಿ ಕೊಡುತ್ತಾರೆಂದು ಕೇಳಿದರು. ಅವತ್ತು ಮಾವ ಅವರಿಗೆ ಒಂದು ಸೀಟಿಯನ್ನೂ ಊದಲಿಲ್ಲ, ಪೂರ್ತಿ ಮಾತಾಡಲು ಬಿಟ್ಟರು. ಗೆಲ್ಲುವ ಖಾತ್ರಿಯಿರುವವರ ಔದಾರ್ಯ ಅದು. ಆಮೇಲೆ ಕೈ ಎತ್ತಿ ಎಂದರು. ಒಂದರ ಹಿಂದೊಂದು ಕೈಗಳೆದ್ದವು. ನನ್ನ ಎರಡೂ ಕೈ ಮಡಿಲಲ್ಲೇ ಇದ್ದವು, ಅದನ್ನು ಮಾವ ನೋಡಿದರೋ ಇಲ್ಲವೋ ಗೊತ್ತಿಲ್ಲ.

ಸೀಟಿ ತುಟಿಗೆ ಹೋಯಿತು. ಅಭ್ಯಾಸದಂತೆ ತಲೆ ಬಾಗಿಲಾಚೆ ಹೋಯಿತು. ಅಲ್ಲೇ ನಿಂತಿತು.

"ಏನ್ರೀ, ಊದಿ ಮತ್ತೆ" ಎಂದ ಮೂಲೆ ಅಂಗಡಿಯವನು.

"ತಡಿಯಯ್ಯ. ಯಾರೋ ಬರ್ತಿದಾರೆ."

ನಾನು ಎದ್ದು ಬಾಗಿಲಿಗೆ ಬಂದೆ. ಬೀದಿಯಲ್ಲಿ ನಮ್ಮತ್ತೆ. ಮೆಟ್ಟಿಲು ಇಳಿದು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಿಂದ ಕಾಂಪೌಂಡು ಗೋಡೆಗಳನ್ನು ಸವರಿಕೊಂಡು ಬರುತ್ತಿದ್ದರು. ಎದುರು ಬದಿಯಲ್ಲಿ ನರ್ಸಮ್ಮ, ವಾಕರನ್ನು ಎತ್ತಿ ಇಟ್ಟು, ಎತ್ತಿ ಇಟ್ಟು. ಇವರು ನಿಂತರೆ ಅವರೂ ನಿಲ್ಲುವರು. ಬೇಗ ಬನ್ನಿ ಎಂದು ಹೇಳುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ, ನಿಯಮ ಮಾವನದ್ದೇ. ಎತ್ತಿದ ಕೈಗಳೆಲ್ಲ ನೋಯತೊಡಗಿ ಒಂದೊಂದಾಗಿ ಕೆಳಗಿಳಿದವು. ಎಲ್ಲರೂ ಬಂದು ಬಾಗಿಲಲ್ಲಿ ಕತ್ತು ಚಾಚಿ ನಿಂತರು.

ಶೆಡ್ಡಿನ ಎದುರಿಗೆ ಬಂದು ಅತ್ತೆ ರಸ್ತೆ ದಾಟಬೇಕು. ಒಂದು ಕಾಲು ಕೆಳಗಿಟ್ಟರು, ಅಷ್ಟರಲ್ಲಿ ಜಲ್ಲಿಯ ಲಾರಿ ಹಾರನ್ ಹೊಡೆಯುತ್ತ ಬಂತು. ಕಾಲು ಹಿಂದೆಗೆದರು. ಅದು ಹೋಗುವಷ್ಟರಲ್ಲಿ ಇನ್ನೊಂದು. ಮಾವ ಬೀದಿಗೆ ಹಾರಿ ನಡುವೆ ನಿಂತು, ಕೈ ಮೇಲೆತ್ತಿ, ಒಂದು ಸೀಟಿ ಊದಿದರು. ಎಂಥ ಸೀಟಿ ಅದು! ಲಾರಿ ಕಿರ್ರೆಂದು ನಿಂತಿತು. ಆ ಮೌನದಲ್ಲಿ ಅತ್ತೆ ಕೋಲೂರುತ್ತ ದಾಟಿದರು. ನರ್ಸಮ್ಮ ವಾಕರ್ ಬಿಟ್ಟು ಅವರ ಕೈ ಹಿಡಿದುಕೊಂಡರು. ಇಬ್ಬರೂ ಏದುಸಿರು ಬಿಡುತ್ತಿದ್ದರು, ಆದರೂ ನರ್ಸಮ್ಮ ಕೇಳಿದ ಮೊದಲ ಮಾತು, "ನಿದ್ದೆ ಬಂತಾ?"

"ಎಲ್ಲಿ ಬಂತು" ಎಂದರು ಅತ್ತೆ.

ಮಾವನ ಮುಖ ಅರಳಿತ್ತು. "ಬಾ ಬಾ, ನಿನ್ನ ಬಸ್ಸಿಗೆ ನೀನೇ ಕೈ ಎತ್ತೋಕೆ ಬಂದ್ಯಾ? ಒಳಗೆ ಬಾ, ಮುಂದಿನ ಸೀಟು ಇದೆ."

ಅತ್ತೆ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತರು. ಬೀದಿಯವರ ಮುಂದೆ ಅವರು ಗಂಡನ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

"ನನಗೆ ಬಸ್ಸು ಬೇಡಾರೀ. ಬಸ್ಸು ಹತ್ತಿ ನಾನೆಲ್ಲಿಗೆ ಹೋಗ್ಲಿ ಹೇಳಿ? ನನಗೆ ಹೋಗ್ಬೇಕಾಗಿರೋದು ಈ ರಸ್ತೆ ದಾಟಿ ಆಕಡೆ, ಅಷ್ಟೇ. ಕಾಲಲ್ಲಿ ಆಗದೇ ಇದ್ದಾಗ ಬಾಯಲ್ಲಿ ದಾಟ್ತಿದ್ದೆ. ಈಗ ಅದಕ್ಕೂ ಕಲ್ಲು ಹಾಕ್ಬಿಟ್ರಲ್ಲ." ಅವರು ಉಸಿರು ಎಳೆದುಕೊಂಡರು. "ಊರೋರನ್ನೆಲ್ಲ ಎಲ್ಲಿಗೆ, ಎಲ್ಲಿಗೆ ಅಂತ ಕೇಳ್ತೀರ. ಆ ಬೆಕ್ಕನ್ನೂ ಕೇಳ್ತೀರ. ನನ್ನನ್ನ ಒಂದ್ಸಲ ಕೇಳಿದ್ರಾ?"

ಲಾರಿಯವನು ಎಂಜಿನ್ ಆಫ್ ಮಾಡಿ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದ. ಮಾವ ಸೀಟಿಯನ್ನು ಬೆರಳಲ್ಲಿ ತಿರುವುತ್ತ, ಅತ್ತೆಯ ಕಾಲನ್ನೊಮ್ಮೆ, ಆ ಕಡೆಯ ಮೆಟ್ಟಿಲುಗಳನ್ನೊಮ್ಮೆ ನೋಡಿದರು. ಬೀದಿಯ ಅಗಲವನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು. ಆಮೇಲೆ ಅತ್ತೆಯ ಹತ್ತಿರ ಬಂದು, ಬಸ್ಸಿನಲ್ಲಿ ವಯಸ್ಸಾದವರನ್ನು ಕೇಳುವ ಮೆತ್ತನೆಯ ದನಿಯಲ್ಲಿ ಕೇಳಿದರು.

"ಎಲ್ಲಿಗಮ್ಮಾ?"

"ಎದುರುಮನೆಗೆ" ಎಂದರು ಅತ್ತೆ.

ಮಾವ ಸೀಟಿಯನ್ನು ತುಟಿಗಿಟ್ಟು, ಶೆಡ್ಡಿನ ಕಡೆ ತಿರುಗಿ ಒಂದೇ ಸಲ ಊದಿದರು. "ಹೋಲ್ಡಾನ್" ಎಂದರು. "ಈ ನಿರ್ಣಯ ಮುಂದೆ ಹೋಗಲ್ಲ. ಗೋಡೆ ತೆಗೀಲಿ ಅನ್ನೋರು ಮತ್ತೆ ಕೈ ಎತ್ತಿ." ಅಂಗಡಿಯವನು ಗೊಣಗಿದ. ಆದರೆ ಕೋಲೂರಿಕೊಂಡು, ವಾಕರ್ ಎತ್ತಿಡುತ್ತ ಬಂದ ಆ ಇಬ್ಬರನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ಎರಡನೇ ಸಲ ಅವನೊಬ್ಬನದೇ ಕೈ ಮೇಲಿತ್ತು, ಸ್ವಲ್ಪ ಹೊತ್ತಿಗೆ ಅದೂ ಕಿವಿ ಕೆರೆಯುವ ನೆಪದಲ್ಲಿ ಇಳಿಯಿತು. ಗೋಡೆಯನ್ನು ಮತ್ತೆ ಕಟ್ಟಿ, ನಡೆದು ಹೋಗುವವರಿಗೆ ಮಾತ್ರ ಒಂದು ಸಣ್ಣ ಬಾಗಿಲು ಇಡಬೇಕು, ಬಸ್ಸು ಆಚೆಯ ಹೆದ್ದಾರಿಯಲ್ಲೇ ನಿಲ್ಲಲಿ ಎಂದು ಸೂಚಿಸಿದವರು ಮೇಷ್ಟ್ರು. ಅವರು ಆಕ್ಷೇಪಣೆಯಲ್ಲದ ಮಾತೊಂದನ್ನು ಆಡಿದ್ದು ನೋಡಿ ಸಭೆ ಚಪ್ಪಾಳೆ ತಟ್ಟಿತು. ಮಾವ ತಲೆಯಾಡಿಸಿ, ಬಾಗಿಲಾಚೆ ನೋಡಿ, ಎರಡು ಸೀಟಿ ಊದಿದರು.

ಆಮೇಲೆ ಅವರೇ ಅತ್ತೆಯ ತೋಳು ಹಿಡಿದು ನರ್ಸಮ್ಮನ ಮನೆಯ ತನಕ ಕರೆದುಕೊಂಡು ಹೋದರು. ನಾನು ನರ್ಸಮ್ಮನ ಜೊತೆ ಹಿಂದೆ ಹೋದೆ. ಎಷ್ಟೋ ಕಾಲದ ಮೇಲೆ ಅವರಿಬ್ಬರೂ ಒಂದೇ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತರು. ಮಾವ ಅಲ್ಲೇ ಗೇಟಿಗೆ ಬೆನ್ನು ಆನಿಸಿ ನಿಂತರು, ಏನೋ ಹೇಳಬೇಕೆಂದು ಬಾಯಿ ತೆರೆದರು.

ಅತ್ತೆ ಅವರನ್ನು ನೋಡಿದರು. "ಸಾಕು, ಇನ್ನು ನೀವು ಮನೆಗೆ ನಡೀರಿ" ಎಂದರು. "ನಮಗೆ ಮಾತಾಡೋದಿದೆ."